ಮೊಲದ ಕಣ್ಣು, ಹಲ್ಲಿನ ಬೇರು

ಸಾಕಿದ ಮೊಲದ ಕಣ್ಣಲ್ಲಿ ನೀರು ಸುರಿಯತೊಡಗಿದರೆ ಮನೆಯವರು ಮೊದಲು ಹೋಗುವುದು ಬೀದಿ ಕೊನೆಯ ಮೆಡಿಕಲ್ ಸ್ಟೋರಿಗೆ. ಅಲ್ಲಿ ಕೊಟ್ಟ ಹನಿಮದ್ದನ್ನು ನಾಲ್ಕು ದಿನ ಹಾಕಿದರೆ ಕಣ್ಣು ತಿಳಿಯಾಗುತ್ತದೆ. ಮದ್ದು ನಿಲ್ಲಿಸಿ ವಾರವಾಗುವಷ್ಟರಲ್ಲಿ ಕೆನ್ನೆಯ ಕೂದಲು ಮತ್ತೆ ಒದ್ದೆ. ಇನ್ನೊಂದು ಬಾಟಲಿ ಬರುತ್ತದೆ, ಅದು ಮುಗಿದ ಮೇಲೆ ಬೇರೆ ಕಂಪನಿಯದು. ಹೀಗೆಯೇ ವರ್ಷ ಕಳೆದ ಮನೆಗಳನ್ನು ನಾನು ಬಲ್ಲೆ. ಆ ಮನೆಗಳಲ್ಲಿ ಮೊಲದ ಮೇಲಿನ ಪ್ರೀತಿಗೆ ಏನೂ ಕಮ್ಮಿ ಇರಲಿಲ್ಲ. ಯಾರೂ ಅವರಿಗೆ ಹೇಳದೆ ಉಳಿದ ಸಂಗತಿ ಒಂದಿತ್ತು, ಅಷ್ಟೆ: ಮೊಲದ ಕಣ್ಣೀರಿಗೆ ಕಾರಣ ಬಹಳ ಸಲ ಹಲ್ಲಿನಲ್ಲಿರುತ್ತದೆ.

ಇದು ಮನಸ್ಸಿಗೆ ಹಿಡಿಯಬೇಕಾದರೆ ಮೊಲದ ತಲೆಬುರುಡೆ ಹೇಗಿದೆಯೆಂದು ಸ್ವಲ್ಪ ತಿಳಿಯಬೇಕು. ಮೊಲಕ್ಕೆ ಒಟ್ಟು 28 ಹಲ್ಲು. ಎದುರಿಗೆ ಕಾಣುವ ಬಾಚಿಹಲ್ಲುಗಳಷ್ಟೇ ಅಲ್ಲ, ಒಳಗಿನ ದವಡೆ ಹಲ್ಲುಗಳೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ದಿನವಿಡೀ ಹುಲ್ಲು ಅರೆದು ಅಷ್ಟೇ ಸವೆದರೆ ಲೆಕ್ಕ ಸರಿಹೋಗುತ್ತದೆ. ಸವೆಯದಿದ್ದರೆ ಹಲ್ಲು ಬಾಯೊಳಗೆ ಉದ್ದವಾಗುತ್ತದೆ. ಎದುರಿನ ಹಲ್ಲಿಗೆ ಒತ್ತಿ ಮುಂದೆ ದಾರಿ ಕಾಣದಾದಾಗ ಬೇರಿನ ಕಡೆಗೂ, ಮೂಳೆಯ ಒಳಕ್ಕೂ ಚಾಚಿಕೊಳ್ಳುತ್ತದೆ. ಮೇಲ್ದವಡೆಯ ಹಿಂದಿನ ಹಲ್ಲುಗಳ ಬೇರು ಇರುವುದು ಕಣ್ಣಿನ ಗೂಡಿಗೆ ತೀರಾ ಹತ್ತಿರದಲ್ಲಿ.

ಕಣ್ಣಿನಲ್ಲಿ ಊರುವ ನೀರು ಮೂಗಿಗೆ ಇಳಿಯಲು ಒಂದು ನಾಳವಿದೆ. ನಮಗೂ ನಾಯಿ ಬೆಕ್ಕುಗಳಿಗೂ ಆ ನಾಳಕ್ಕೆ ಕಣ್ಣಿನ ಬಳಿ ಎರಡು ಬಾಯಿ, ಮೇಲಿನ ರೆಪ್ಪೆಯಲ್ಲೊಂದು, ಕೆಳಗಿನದರಲ್ಲೊಂದು. ಮೊಲಕ್ಕೆ ಕೆಳರೆಪ್ಪೆಯ ಒಳಗೆ ಇರುವುದು ಒಂದೇ. ಅಲ್ಲಿಂದ ಹೊರಟ ನಾಳ ನೆಟ್ಟಗೂ ಹೋಗುವುದಿಲ್ಲ. ದವಡೆ ಹಲ್ಲಿನ ಬೇರಿನ ಬಳಿ ಒಮ್ಮೆ ಬಾಗುತ್ತದೆ, ಬಾಚಿಹಲ್ಲಿನ ಬೇರಿನ ಬಳಿ ಇನ್ನೊಮ್ಮೆ ಬಾಗಿ ಮೂಗಿನ ಹೊಳ್ಳೆಯೊಳಗೆ ತೆರೆದುಕೊಳ್ಳುತ್ತದೆ. ಬಾಗುವ ಜಾಗಗಳಲ್ಲಿ ಅದು ಮೊದಲೇ ಕಿರಿದು. ಹಲ್ಲಿನ ಬೇರು ಒಂದಿಷ್ಟು ಉದ್ದವಾದರೂ ಅಮುಕುವುದು ಅಲ್ಲಿಯೇ. ಬಚ್ಚಲ ಕೊಳವೆ ಕಟ್ಟಿಕೊಂಡಾಗ ನೀರು ಮೇಲಕ್ಕೆ ಬರುವ ಹಾಗೆ ಕಣ್ಣೀರು ರೆಪ್ಪೆ ದಾಟಿ ಕೆನ್ನೆಗೆ ಹರಿಯುತ್ತದೆ. ನಾಳದಲ್ಲಿ ನಿಂತದ್ದಕ್ಕೆ ಸೋಂಕು ತಗುಲಿದರೆ ತಿಳಿನೀರಿನ ಬದಲು ಬಿಳಿಯ, ಅಂಟಂಟಾದ ಕೀವು ಬರತೊಡಗುತ್ತದೆ. ಕಣ್ಣಿಗೆ ಬಿಟ್ಟ ಹನಿಮದ್ದು ಸೋಂಕನ್ನು ಸ್ವಲ್ಪ ತಗ್ಗಿಸಬಹುದು. ಹಲ್ಲಿನ ಬೇರನ್ನು ಅದು ಮುಟ್ಟುವುದೂ ಇಲ್ಲ.

ಮುಖ ಚಪ್ಪಟೆಯಾಗಿ ದುಂಡಗಿರುವ ತಳಿಗಳಲ್ಲಿ ಈ ಕಾಟ ಹೆಚ್ಚು. ನೋಡಲು ಗೊಂಬೆಯಂತೆ ಕಾಣಲೆಂದು ಮನುಷ್ಯರು ಪೀಳಿಗೆಯಿಂದ ಪೀಳಿಗೆಗೆ ಮೂತಿ ಗಿಡ್ಡ ಮಾಡುತ್ತಾ ಬಂದಿದ್ದಾರೆ. ಮೂಳೆ ಗಿಡ್ಡವಾದರೂ ಹಲ್ಲು ಮತ್ತು ನಾಳ ಅದೇ ಜಾಗದಲ್ಲಿ ಹಿಡಿಯಬೇಕಲ್ಲ. ಅಂಗಡಿಯಲ್ಲಿ ಮರಿ ಆರಿಸುವಾಗ ಇದನ್ನು ಯಾರೂ ಹೇಳುವುದಿಲ್ಲ, ಹೇಳಬೇಕಿತ್ತು.

ನಮ್ಮ ಮನೆಯ ಮೊಲದ ಹೆಸರು ಬೆಳ್ಳಿ. ಅದರ ಎಡಗಣ್ಣಿಗಾಗಿ ಮೊಲಗಳನ್ನು ನೋಡಿ ಅನುಭವವಿದ್ದ ಪಶುವೈದ್ಯರೊಬ್ಬರ ಬಳಿ ಹೋದಾಗ ಅವರು ಕಣ್ಣನ್ನು ಮುಟ್ಟಲೇ ಇಲ್ಲ. "ಕಣ್ಣು ಆಮೇಲೆ ನೋಡೋಣ ಮೇಡಂ, ಮೊದ್ಲು ಬಾಯಿ ನೋಡ್ಬೇಕು" ಅಂದರು. ಕೆಳದವಡೆಯ ಅಂಚನ್ನು ಎರಡು ಬೆರಳಲ್ಲಿ ಸವರಿ ಗಂಟುಗಳಿವೆಯೇ ಎಂದು ನೋಡಿದರು. ಕಿವಿ ನೋಡುವ ದೀಪದ ಕೊಳವೆಯನ್ನು ಬಾಯಿಯ ಪಕ್ಕದಿಂದ ತೂರಿಸಿ ದವಡೆ ಹಲ್ಲುಗಳನ್ನು ಪರೀಕ್ಷಿಸಿದರು. ಆಮೇಲೆ ಕಣ್ಣಿಗೆ ಮರಗಟ್ಟಿಸುವ ಹನಿ ಬಿಟ್ಟು ಕಾದು, ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಹೊರಕ್ಕೆ ತಿರುವಿದರು. ಮೂಗಿನ ಕಡೆಯ ಮೂಲೆಯಲ್ಲಿ ಒಂದು ಚಿಕ್ಕ ಸೀಳು ಕಂಡಿತು. ತೋರಿಸಿಕೊಡದಿದ್ದರೆ ಅದು ಯಾರಿಗೂ ಗೊತ್ತಾಗುವಂಥದ್ದಲ್ಲ. ಅದರೊಳಗೆ ಮೊನೆಯಿಲ್ಲದ ತೆಳುವಾದ ನಳಿಕೆ ಇಟ್ಟು, ಉಗುರುಬೆಚ್ಚಗಿನ ಸಲೈನನ್ನು ಸಿರಿಂಜಿನಿಂದ ನಿಧಾನವಾಗಿ ಒತ್ತಿದರು. ಮೊದಮೊದಲು ನೀರೆಲ್ಲ ಕಣ್ಣಿನಿಂದಲೇ ವಾಪಸ್ ಬಂತು. ಕೊಂಚ ಹೊತ್ತಿಗೆ ಎಡ ಹೊಳ್ಳೆಯಲ್ಲಿ ಒಂದು ಬಿಳಿ ಎಳೆ ಇಣುಕಿತು, ಅದರ ಬೆನ್ನಿಗೇ ದಪ್ಪನೆಯ ಗಸಿ, ಆಮೇಲೆ ತಿಳಿನೀರು. ಬೆಳ್ಳಿ ಜೋರಾಗಿ ಸೀನಿ ಮುಂಗಾಲಿನಿಂದ ಮೂಗು ಒರೆಸಿಕೊಂಡಿತು.

ತಲೆಯ ಎಕ್ಸ್‌ರೇ ತೆಗೆದಾಗ ಬಾಚಿಹಲ್ಲಿನ ಬೇರು ಉದ್ದವಾಗಿದ್ದದ್ದು ಕಂಡಿತು. "ಇದು ಪೂರ್ತಿ ವಾಸಿ ಆಗೋದಲ್ಲ, ಸಂಭಾಳಿಸ್ಕೊಂಡು ಹೋಗೋದು" ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಮೊಲ ಸಾಕುವವರಿಗೆ ಇದಕ್ಕಿಂತ ಉಪಕಾರದ ಮಾತಿಲ್ಲ ಎಂದು ನಾನು ನಂಬುತ್ತೇನೆ. ಒಮ್ಮೆ ವಿಕಾರವಾದ ಬೇರು ಮೊದಲಿನ ಹಾಗೆ ಆಗುವುದಿಲ್ಲ. ನಾಳ ತೊಳೆದರೂ ಮತ್ತೆ ಕಟ್ಟಿಕೊಳ್ಳಬಹುದು, ಆಗ ಮತ್ತೆ ತೊಳೆಯಬೇಕು. ಎಕ್ಸ್‌ರೇಯಲ್ಲಿ ಸ್ಪಷ್ಟವಾಗದಿದ್ದರೆ ನಾಳಕ್ಕೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ ಬಿಟ್ಟು ಮತ್ತೆ ಚಿತ್ರ ತೆಗೆಯುತ್ತಾರೆ, ಸೌಲಭ್ಯವಿರುವ ಊರುಗಳಲ್ಲಿ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಕೀವು ಪದೇ ಪದೇ ಬರುತ್ತಿದ್ದರೆ ಅದರ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಯಾವ ಮದ್ದಿಗೆ ಆ ಸೋಂಕು ಬಗ್ಗುತ್ತದೆಂದು ತಿಳಿದ ಮೇಲೆ ಮದ್ದು ಹಾಕುವುದು ಸರಿಯಾದ ಕ್ರಮ. ಕಣ್ಣುಮುಚ್ಚಿ ಬಾಟಲಿ ಬದಲಿಸುತ್ತಾ ಹೋದರೆ ಯಾವ ಮದ್ದಿಗೂ ಬಗ್ಗದ ಸೋಂಕು ಉಳಿದುಕೊಳ್ಳುತ್ತದೆ.

ಹಾಗೆಂದು ಎಲ್ಲ ಕಣ್ಣೀರಿಗೂ ಹಲ್ಲನ್ನೇ ದೂರುವಂತಿಲ್ಲ. ಒಣಹುಲ್ಲಿನ ಚೂಪು ತುದಿ ಚುಚ್ಚಿ ಕಣ್ಣಿನ ಪಾರದರ್ಶಕ ಪೊರೆಯಲ್ಲಿ ಹುಣ್ಣಾಗಿರಬಹುದು. ರೆಪ್ಪೆ ಒಳಮುಖವಾಗಿ ಮಡಚಿ ಕೂದಲು ಕಣ್ಣಿಗೆ ಉಜ್ಜುತ್ತಿರಬಹುದು. ಮೂಗು ಸೋರುವ ಪಾಶ್ಚುರೆಲ್ಲಾ ಸೋಂಕು ನಾಳ ಹತ್ತಿ ಮೇಲೆ ಬಂದಿರಬಹುದು. ದವಡೆ ಹಲ್ಲಿನ ಬೇರಿನಲ್ಲಿ ಕೀವುಗಡ್ಡೆಯಾಗಿ ಕಣ್ಣುಗುಡ್ಡೆಯನ್ನೇ ಹಿಂದಿನಿಂದ ಹೊರಕ್ಕೆ ತಳ್ಳುತ್ತಿರಬಹುದು. ಮೊಲದ ಕೀವು ತೀರಾ ಗಟ್ಟಿ, ನಾಯಿಯ ಗಾಯದ ಕೀವಿನಂತೆ ಸೀಳಿದರೆ ಹರಿದು ಹೋಗುವುದಿಲ್ಲ. ಹಾಗಾಗಿ ಗಡ್ಡೆಯನ್ನು ಗೋಡೆ ಸಮೇತ ತೆಗೆಯಬೇಕಾಗುತ್ತದೆ. ಬಿಳಿ ಮೊಲದ ಕಣ್ಣು ಕೆಂಪಗಿದೆ ಎಂದು ಗಾಬರಿಯಿಂದ ಓಡಿ ಬರುವವರಿದ್ದಾರೆ. ವರ್ಣದ್ರವ್ಯವಿಲ್ಲದ ಕಣ್ಣಿನಲ್ಲಿ ಒಳಗಿನ ರಕ್ತನಾಳಗಳ ಬಣ್ಣ ಕಾಣುತ್ತದೆ, ಅದು ಕಾಯಿಲೆಯಲ್ಲ. ಆ ಕಣ್ಣಿಗೆ ಬೆಳಕು ಬೇಗ ಚುಚ್ಚುತ್ತದೆ, ಗೂಡನ್ನು ನೆರಳಿನಲ್ಲಿಟ್ಟರೆ ಆಯಿತು. ಆದರೆ ನಮ್ಮಲ್ಲಿ ಸಾಮಾನ್ಯವಾಗಿರುವ ನ್ಯೂಜಿಲೆಂಡ್ ವೈಟ್ ತಳಿಯಲ್ಲಿ ಕಣ್ಣಿನ ಒತ್ತಡ ಏರುವ ಗ್ಲಾಕೋಮಾ ವಂಶದಿಂದಲೇ ಬರುವುದುಂಟು. ಕಣ್ಣುಗುಡ್ಡೆ ದೊಡ್ಡದಾಗಿ, ಮೇಲೆ ನೀಲಿಬಿಳುಪು ಮಸುಕು ಕವಿದರೆ ಆ ಕಡೆ ಯೋಚಿಸಬೇಕು.

ಇನ್ನೊಂದು ಕಾಯಿಲೆಯನ್ನು ಹೆಸರಿಸಿ ಹೇಳಬೇಕು, ಏಕೆಂದರೆ ಅದು ಬಹಳ ಸಲ ತಪ್ಪಿಸಿಕೊಳ್ಳುತ್ತದೆ. ಎನ್ಸೆಫಾಲಿಟೊಜೂನ್ ಕ್ಯುನಿಕ್ಯುಲಿ ಎಂಬ ಸೂಕ್ಷ್ಮ ಪರಾವಲಂಬಿ ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಯ ಕಣ್ಣಿನ ಮಸೂರವನ್ನು ಸೇರಬಲ್ಲದು. ಮುಂದೆ ಒಂದು ದಿನ ಮಸೂರದ ಹೊದಿಕೆ ಬಿರಿದು, ಕಣ್ಣಿನ ಬಣ್ಣದ ಭಾಗದಲ್ಲಿ ಬಿಳಿಯ ಗಂಟೊಂದು ಕಾಣಿಸುತ್ತದೆ, ಕಣ್ಣಿನ ಒಳಗೆಲ್ಲ ಉರಿಯೂತ. ಎಳೆಯ ಮೊಲಗಳಲ್ಲಿ, ಹೆಚ್ಚಾಗಿ ಒಂದೇ ಕಣ್ಣಿನಲ್ಲಿ ಬರುತ್ತದೆ. ಇದೇ ಪರಾವಲಂಬಿ ಮಿದುಳಿಗೆ ಹೋದರೆ ಮೊಲದ ಕತ್ತು ಒಂದು ಕಡೆಗೆ ವಾಲುತ್ತದೆ. ಮೂತ್ರದ ಮೂಲಕ ಮೊಲದಿಂದ ಮೊಲಕ್ಕೆ ಹರಡುವುದರಿಂದ ಗೂಡಿನಲ್ಲಿ ಜೊತೆಗಿರುವುದನ್ನೂ ವೈದ್ಯರಿಗೆ ತೋರಿಸಬೇಕು.

ಮೆಡಿಕಲ್ ಸ್ಟೋರಿನ ಬಾಟಲಿಯ ಬಗ್ಗೆ ನನಗಿರುವ ದೊಡ್ಡ ಭಯ ಸ್ಟಿರಾಯ್ಡ್‌ನದು. ಮನುಷ್ಯರ ಕಣ್ಣಿನ ಹನಿಗಳಲ್ಲಿ ಹಲವು ಆಂಟಿಬಯಾಟಿಕ್ ಜೊತೆ ಸ್ಟಿರಾಯ್ಡ್ ಬೆರೆತವು. ಲೇಬಲ್ಲಿನಲ್ಲಿ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಹಾಕಿದ ಮರುದಿನವೇ ಕೆಂಪು ಇಳಿಯುವುದರಿಂದ ಮದ್ದು ಹತ್ತಿತು ಅನ್ನಿಸುತ್ತದೆ. ಪೊರೆಯಲ್ಲಿ ಹುಣ್ಣಿದ್ದರೆ ಅದೇ ಮದ್ದು ಹುಣ್ಣು ಮಾಯಲು ಬಿಡದೆ ಆಳಕ್ಕೆ ಇಳಿಸುತ್ತದೆ, ಕಣ್ಣು ತೂತು ಬೀಳುವವರೆಗೂ ಹೋಗಬಹುದು. ಹುಣ್ಣು ಇದೆಯೋ ಇಲ್ಲವೋ ಬರಿಗಣ್ಣಿಗೆ ಕಾಣುವುದಿಲ್ಲ. ವೈದ್ಯರು ಫ್ಲೋರೆಸಿನ್ ಎಂಬ ಬಣ್ಣ ಹಾಕಿ ನೀಲಿ ದೀಪ ಹಿಡಿದಾಗ ಹುಣ್ಣಿನ ಜಾಗ ಹಸಿರಾಗಿ ಹೊಳೆಯುತ್ತದೆ. ಈ ಪರೀಕ್ಷೆಗೆ ಹೆಚ್ಚು ಹೊತ್ತೂ ಬೇಡ, ಹೆಚ್ಚು ಖರ್ಚೂ ಇಲ್ಲ. ಅದಾಗದೆ ಯಾವ ಸ್ಟಿರಾಯ್ಡ್ ಹನಿಯೂ ಮೊಲದ ಕಣ್ಣಿಗೆ ಬೀಳಕೂಡದು. ತಾಯಿಹಾಲು, ರೋಸ್ ವಾಟರ್, ಜೇನುತುಪ್ಪ, ನಂದಿಬಟ್ಟಲ ಹೂವಿನ ರಸ ಎಂದು ಹಿರಿಯರು ಕಾಳಜಿಯಿಂದಲೇ ಹೇಳುತ್ತಾರೆ. ಇದಾವುದನ್ನೂ ಹಾಕುವುದು ಬೇಡ.

ಮೊಲದ ಕಣ್ಣು ಎಷ್ಟು ತೆರೆದದ್ದು ಎಂಬುದನ್ನು ಮನುಷ್ಯರು ಕ್ರೂರವಾದ ದಾರಿಯಲ್ಲಿ ಬಳಸಿಕೊಂಡರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದಲ್ಲಿದ್ದ ಜಾನ್ ಡ್ರೇಜ್ 1944ರಲ್ಲಿ ರೂಪಿಸಿದ ಪರೀಕ್ಷೆಯಲ್ಲಿ ಶಾಂಪೂ, ಸೌಂದರ್ಯವರ್ಧಕಗಳಂಥ ವಸ್ತುಗಳನ್ನು ಬಿಳಿ ಮೊಲಗಳ ಕಣ್ಣಿಗೆ ಹಾಕಿ ಎಷ್ಟು ಹಾನಿಯಾಗುತ್ತದೆಂದು ಅಂಕ ಕೊಡುತ್ತಿದ್ದರು. ದಶಕಗಳ ಕಾಲ ಅದು ಜಗತ್ತಿನ ರೂಢಿಯಾಗಿತ್ತು. 1980ರಲ್ಲಿ ಹೆನ್ರಿ ಸ್ಪೈರಾ ಎಂಬ ಹೋರಾಟಗಾರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪುಟಪೂರ್ತಿ ಜಾಹೀರಾತು ಕೊಟ್ಟು ಇದನ್ನು ಜನರ ಮುಂದಿಟ್ಟರು. ಭಾರತ 2014ರಲ್ಲಿ ಸೌಂದರ್ಯವರ್ಧಕಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸುವುದನ್ನೂ, ಹಾಗೆ ಪರೀಕ್ಷಿಸಿದ ವಸ್ತುಗಳನ್ನು ಆಮದು ಮಾಡುವುದನ್ನೂ ನಿಷೇಧಿಸಿತು. ಈ ಚರಿತ್ರೆ ನೆನಪಿದ್ದರೆ ನಮ್ಮ ಮನೆಯ ಮೊಲದ ಕಣ್ಣಿಗೆ ಏನು ಬೀಳುತ್ತಿದೆ ಎಂದು ನೋಡುವ ಎಚ್ಚರ ತಾನಾಗಿ ಬರುತ್ತದೆ.

ನಾವು ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಕಣ್ಣು ಮಿಟುಕಿಸಿದರೆ ಮೊಲ ಮಿಟುಕಿಸುವುದು ಗಂಟೆಗೆ ಹತ್ತು ಹನ್ನೆರಡು ಸಲ. ಕಣ್ಣುಗಳು ತಲೆಯ ಎರಡು ಬದಿಗೆ ಉಬ್ಬಿಕೊಂಡಿವೆ. ಬೇಟೆಗಾರನಿಗೆ ಹೆದರಿ ಬದುಕುವ ಪ್ರಾಣಿಗೆ ಸುತ್ತ ಎಲ್ಲವೂ ಕಾಣಬೇಕು. ಆ ಅನುಕೂಲಕ್ಕೆ ತೆರುವ ಬೆಲೆಯೆಂದರೆ ದೂಳು, ಹೊಗೆ, ಘಾಟು ಎಲ್ಲವೂ ಆ ಕಣ್ಣಿಗೆ ನೇರವಾಗಿ ತಾಗುವುದು. ಗೂಡಿನಲ್ಲಿ ಮೂತ್ರ ನಿಂತರೆ ಅಮೋನಿಯಾ ಏಳುತ್ತದೆ. ನಮ್ಮ ಮೂಗಿಗೆ ವಾಸನೆ ಬಡಿಯುವ ಮೊದಲೇ ನೆಲಕ್ಕೆ ಮೂಗಿಟ್ಟು ಮಲಗುವ ಮೊಲದ ಕಣ್ಣು ಉರಿದಿರುತ್ತದೆ. ಮೂತ್ರದ ತಟ್ಟೆಯನ್ನು ದಿನವೂ ಬದಲಿಸಬೇಕು. ಕಟ್ಟಿದ ಬಿಳಿ ಕಲೆಗೆ ವಿನೆಗರ್ ಹಾಕಿ ಉಜ್ಜಿ ತೊಳೆದು ಒಣಗಿಸಿದರೆ ಸಾಕು, ಫಿನೈಲ್ ಬೇಡ. ಮರದ ಹೊಟ್ಟು ಹಾಸುವ ಬದಲು ಹಳೆಯ ಹತ್ತಿ ಬಟ್ಟೆ ಅಥವಾ ಕಾಗದ ಹಾಸಿ. ಸಂಜೆ ಸಾಂಬ್ರಾಣಿ ಹಾಕುವ, ಸೊಳ್ಳೆ ಬತ್ತಿ ಹಚ್ಚುವ ಕೋಣೆಯಲ್ಲಿ ಗೂಡು ಇರಬಾರದು. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ನಮಗೇ ಕೆಮ್ಮು ತರಿಸುತ್ತದೆ, ಅಡುಗೆಮನೆಯ ಮೂಲೆಯಲ್ಲಿ ಕಟ್ಟಿದ ಮೊಲದ ಪಾಡು ಏನಾಗಬೇಡ? ಒಣಹುಲ್ಲನ್ನು ಕಣ್ಣಿನ ಎತ್ತರದ ಜಾಲರಿಗೆ ತುರುಕಬೇಡಿ, ಎಳೆಯುವಾಗ ತುದಿ ಚುಚ್ಚುತ್ತದೆ. ಕೊಡವಿ, ದೂಳು ಹಾರಿಸಿ, ನೆಲದ ಮೇಲೆ ತಗ್ಗಿನ ಬುಟ್ಟಿಯಲ್ಲಿಡಿ.

ದಿನನಿತ್ಯದ ಆರೈಕೆ ಕೇಳಲು ಸರಳ, ಮಾಡಲು ತಾಳ್ಮೆ ಬೇಕು. ಬೆಳ್ಳಿಯ ಕಣ್ಣು ಒರೆಸುವುದು ಬೆಳಗಿನ ಕಾಫಿ ಮುಗಿದ ಮೇಲೆ. ನನ್ನ ಮಗಳು ನೆಲದ ಮೇಲೆ ಕೂತು ದೊಡ್ಡ ಟವೆಲ್ ಹಾಸಿ, ಮೊಲವನ್ನು ಅದರ ನಡುವೆ ಕೂರಿಸಿ, ಎರಡೂ ಬದಿಯಿಂದ ಸುತ್ತಿ ತಲೆಯಷ್ಟೇ ಹೊರಗುಳಿಯುವಂತೆ ಹಿಡಿಯುತ್ತಾಳೆ. ಬೆನ್ನ ಮೇಲೆ ಮಲಗಿಸುವುದಿಲ್ಲ. ಅಂಗಾತ ಮಾಡಿದ ಮೊಲ ಅಲುಗಾಡದೆ ಬಿದ್ದಿರುವುದು ಭಯದಿಂದ, ಹಾಯಾಗಿದೆಯೆಂದಲ್ಲ. ನಾರ್ಮಲ್ ಸಲೈನಿನ ಬಾಟಲಿಯನ್ನು ಬಿಸಿನೀರಿನ ಲೋಟದಲ್ಲಿಟ್ಟು ಬೆಚ್ಚಗೆ ಮಾಡಿ, ಗಾಜ್ ಬಟ್ಟೆಯ ತುಂಡನ್ನು ಅದರಲ್ಲಿ ತೋಯಿಸಿ, ಕಣ್ಣಿನ ಕೆಳಗೆ ಗಟ್ಟಿಯಾದ ಹಕ್ಕಳೆಯ ಮೇಲೆ ಒತ್ತಿ ಹಿಡಿಯುತ್ತೇನೆ. ಅದು ನೆನೆಯುವ ತನಕ ಕಾಯಬೇಕು. ಒಣಗಿದ್ದನ್ನು ಕಿತ್ತರೆ ಕೂದಲಿನ ಜೊತೆ ಚರ್ಮವೂ ಬರುತ್ತದೆ. ನೆನೆದ ಮೇಲೆ ಮೂಗಿನ ಕಡೆಯಿಂದ ಕೆನ್ನೆಯ ಕಡೆಗೆ ಒಮ್ಮೆ ಒರೆಸಿ ಆ ತುಂಡನ್ನು ಎಸೆಯಬೇಕು, ಇನ್ನೊಂದು ಕಣ್ಣಿಗೆ ಹೊಸದು. ಕೊನೆಯಲ್ಲಿ ಕೆನ್ನೆಯನ್ನು ಒಣಬಟ್ಟೆಯಿಂದ ಒತ್ತಿ ಪೂರ್ತಿ ಆರಿಸುವುದು ಎಲ್ಲಕ್ಕಿಂತ ಮುಖ್ಯ. ಸದಾ ಒದ್ದೆಯಿರುವ ಚರ್ಮ ಬೆಂದು ಕೂದಲು ಉದುರುತ್ತದೆ, ಮಳೆಗಾಲದಲ್ಲಿ ಅಂಥ ಜಾಗಕ್ಕೆ ನೊಣ ಕೂತು ಮೊಟ್ಟೆಯಿಡುವ ಅಪಾಯವೂ ಇದೆ.

ಎರಡು ಬಗೆಯ ಹನಿಯಿದ್ದರೆ ನಡುವೆ ಐದು ಹತ್ತು ನಿಮಿಷ ಬಿಡಬೇಕು, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಮುಲಾಮು ಯಾವಾಗಲೂ ಕೊನೆಗೆ. ತೆರೆದ ಬಾಟಲಿಯ ಮೇಲೆ ತೆರೆದ ತಾರೀಕು ಬರೆದಿಡಿ, ಸಾಮಾನ್ಯವಾಗಿ ತಿಂಗಳಾದ ಮೇಲೆ ಅದನ್ನು ಬಳಸುವಂತಿಲ್ಲ. ವಾರಕ್ಕೊಮ್ಮೆ ಒಂದೇ ಬೆಳಕಿನಲ್ಲಿ ಮೊಬೈಲಿನಿಂದ ಕಣ್ಣಿನ ಫೋಟೊ ತೆಗೆದು, ತಕ್ಕಡಿಯಲ್ಲಿ ತೂಕ ನೋಡಿ ಬರೆದಿಟ್ಟರೆ ವೈದ್ಯರ ಮುಂದೆ "ಮೊನ್ನೆಗಿಂತ ಜಾಸ್ತಿ ಅನ್ಸುತ್ತೆ" ಎಂದು ತಡಕಾಡಬೇಕಿಲ್ಲ.

ತೂಕಕ್ಕೂ ಕಣ್ಣಿಗೂ ಏನು ಸಂಬಂಧ ಎಂದರೆ, ಹಲ್ಲು ನೋಯುವ ಮೊಲ ಮೊದಲು ಹುಲ್ಲು ಬಿಡುತ್ತದೆ. ಮೆತ್ತಗಿನ ಸೊಪ್ಪು, ಅಂಗಡಿಯ ಪೆಲೆಟ್ ತಿನ್ನುತ್ತಲೇ ಇರುತ್ತದೆ, ಹಾಗಾಗಿ ಮನೆಯವರಿಗೆ ಗೊತ್ತಾಗುವುದಿಲ್ಲ. ಹುಲ್ಲು ಬಿಟ್ಟರೆ ಹಲ್ಲು ಇನ್ನಷ್ಟು ಬೆಳೆಯುತ್ತದೆ. ಬೆಳೆದ ಮೊಲ ತಿನ್ನುವುದರಲ್ಲಿ ಐದರಲ್ಲಿ ನಾಲ್ಕು ಪಾಲು ಹುಲ್ಲೇ ಇರಬೇಕು. ಟಿಮೋಥಿ ಹುಲ್ಲು ದುಬಾರಿ, ಅದೇ ಆಗಬೇಕೆಂದಿಲ್ಲ. ಗರಿಕೆ, ಗಿನಿ ಹುಲ್ಲು, ನೇಪಿಯರ್, ದೂಳು ಕೊಡವಿದ ರಾಗಿ ಹುಲ್ಲು ನಮ್ಮಲ್ಲೇ ಸಿಗುತ್ತವೆ. ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣದಂಶ ಬಹಳ, ಮರಿಗಳಿಗೆ ಸರಿ, ಬೆಳೆದವಕ್ಕೆ ದಿನದ ಊಟವಾಗಬಾರದು. ಬ್ರೆಡ್ಡು, ಬಿಸ್ಕತ್ತು, ಅವಲಕ್ಕಿ ಬೇಡವೇ ಬೇಡ. ಚಿತ್ರಪುಸ್ತಕದಲ್ಲಿ ಮೊಲದ ಕೈಗೆ ಕೊಟ್ಟ ಕ್ಯಾರೆಟ್ ಸಿಹಿತಿಂಡಿಯ ಲೆಕ್ಕ, ಚೂರು ಕೊಟ್ಟರೆ ಸಾಕು. ಹುಲ್ಲಿನ ಊಟದಿಂದ ಕೆಟ್ಟ ಬೇರು ನೆಟ್ಟಗಾಗುವುದಿಲ್ಲ, ಆದರೆ ಮುಂದೆ ಕೆಡುವ ವೇಗ ಕಡಿಮೆಯಾಗುತ್ತದೆ, ಇನ್ನೂ ಚೆನ್ನಾಗಿರುವ ಹಲ್ಲು ಉಳಿಯುತ್ತದೆ.

ಮೊಲ ನೋವನ್ನು ಬಚ್ಚಿಡುತ್ತದೆ. ನೋವು ಗುರುತಿಸಲೆಂದೇ ಸಂಶೋಧಕರು 2012ರಲ್ಲಿ ಮೊಲದ ಮುಖಚರ್ಯೆಯ ಮಾಪಕವೊಂದನ್ನು ಪ್ರಕಟಿಸಿದರು. ಕಣ್ಣು ಅರೆಮುಚ್ಚಿರುವುದು, ಕೆನ್ನೆ ಒಳಕ್ಕೆ ಹೋಗಿರುವುದು, ಹೊಳ್ಳೆಯ ಆಕಾರ, ಮೀಸೆಯ ಬಿಗಿ, ಕಿವಿ ಹಿಂದಕ್ಕೆ ಮಡಚಿರುವುದು ಇವೆಲ್ಲವನ್ನೂ ಅದರಲ್ಲಿ ನೋಡುತ್ತಾರೆ. ನಾನು ಇನ್ನೊಂದನ್ನು ಸೇರಿಸುತ್ತೇನೆ: ಮುಂಗಾಲಿನ ಒಳಭಾಗ ನೋಡಿ. ಅಲ್ಲಿನ ಕೂದಲು ಅಂಟಿ ಜಡೆಗಟ್ಟಿದ್ದರೆ, ಮುಖ ಸ್ವಚ್ಛವಾಗಿ ಕಂಡರೂ ಮೊಲ ದಿನವಿಡೀ ಕಣ್ಣು ಒರೆಸಿಕೊಳ್ಳುತ್ತಿದೆ ಎಂದರ್ಥ. ನೋವಿನಿಂದ ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಕೂತರೆ ಕರುಳು ನಿಲ್ಲುತ್ತಿದೆ ಎಂದು ತಿಳಿದು ಆ ರಾತ್ರಿಯೇ ವೈದ್ಯರನ್ನು ಹುಡುಕಬೇಕು. ಕಣ್ಣಿಗಿಂತ ಮೊದಲು ಪ್ರಾಣ ತೆಗೆಯುವುದು ಇದು. ಕರುಳಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಗುಂಪಿನ ಮಾತ್ರೆ ಸಿರಪ್‌ಗಳನ್ನು, ಕ್ಲಿಂಡಾಮೈಸಿನ್ ಅನ್ನು ಮೊಲಕ್ಕೆ ಬಾಯಿಯಿಂದ ಕೊಟ್ಟರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಮೊಲವೇ ಸಾಯಬಹುದು. ಮಗುವಿಗೆ ತಂದ ಸಿರಪ್ ಮನೆಯಲ್ಲಿದೆಯಲ್ಲ ಎಂದು ನಾಲ್ಕು ಹನಿ ಕೊಡುವವರಿಗಾಗಿ ಇದನ್ನು ಬರೆದೆ.

ಎಲ್ಲ ಪಶುವೈದ್ಯರೂ ಮೊಲ ನೋಡಿರುವುದಿಲ್ಲ. ದನ, ಕುರಿ, ನಾಯಿಯಲ್ಲೇ ಅವರ ದಿನ ಕಳೆಯುತ್ತದೆ, ಅದು ಅವರ ತಪ್ಪಲ್ಲ. ಫೋನಿನಲ್ಲೇ "ಮೊಲದ ಹಲ್ಲು, ಕಣ್ಣಿನ ನಾಳ ನೋಡ್ತೀರಾ ಡಾಕ್ಟ್ರೇ?" ಎಂದು ಕೇಳಿ ಹೋಗುವುದು ಒಳ್ಳೆಯದು. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರದಲ್ಲಿ ಬೇರೆ ದಾರಿ ಕಾಣದವರು ಅಲ್ಲಿ ವಿಚಾರಿಸಬಹುದು.

ಎಲ್ಲ ಮಾಡಿದ ಮೇಲೂ ಕೆಲವು ಕಣ್ಣುಗಳು ಉಳಿಯುವುದಿಲ್ಲ. ಒತ್ತಡ ಇಳಿಯದ ಗ್ಲಾಕೋಮಾ, ಹಿಂದೆ ಕೀವುಗಡ್ಡೆಯಾದ ಕಣ್ಣು, ತೂತು ಬಿದ್ದ ಹುಣ್ಣು ಇಂಥವುಗಳಲ್ಲಿ ವೈದ್ಯರು ಕಣ್ಣು ತೆಗೆಯುವ ಮಾತಾಡಿದಾಗ ಮನೆಯವರಿಗೆ ಎದೆ ಒಡೆಯುತ್ತದೆ. ನಾನು ಅವರ ಪಕ್ಕ ಕೂತು ಹೇಳುವುದಿಷ್ಟು: ಕಾಣದ ಕಣ್ಣು ನೋಯುತ್ತಲೇ ಇರುವುದಕ್ಕಿಂತ ಅದು ಇಲ್ಲದಿರುವುದು ಮೊಲಕ್ಕೆ ಸುಖ. ನೋವು ಹೋದ ಮೊಲ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತದೆ, ಒಂಟಿಗಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಕಾಣುವ ಬದಿಯಿಂದಲೇ ಹತ್ತಿರ ಹೋಗಿ, ಮುಟ್ಟುವ ಮೊದಲು ಮಾತಾಡಿಸಿ, ಗೂಡಿನ ನೀರು ಹುಲ್ಲಿನ ಜಾಗ ಬದಲಿಸಬೇಡಿ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ನಾಯಿಗೆ ಮಾಡುವ ಹಾಗೆ ಉಪವಾಸ ಕೆಡವುವುದೂ ಬೇಡ. ಮೊಲ ವಾಂತಿ ಮಾಡಲಾರದು, ಬರಿಹೊಟ್ಟೆಯಲ್ಲಿಟ್ಟರೆ ಕರುಳೇ ನಿಲ್ಲುತ್ತದೆ. ಅದು ಮನೆಯಲ್ಲಿ ತಿನ್ನುವ ಹುಲ್ಲು, ಒಂದು ಕಟ್ಟು ಕೊತ್ತಂಬರಿ ಸೊಪ್ಪು ಜೊತೆಗೆ ಒಯ್ಯಿರಿ. ಎಚ್ಚರವಾದ ಮೇಲೆ ಅದು ಅಲ್ಲೇ ಒಂದಿಷ್ಟು ತಿಂದದ್ದನ್ನು ನೋಡಿಕೊಂಡು ಮನೆಗೆ ಕರೆತನ್ನಿ.